ನಾದಬಾರದ ಹಿಟ್ಟು



ನಮ್ಮ ಬಾಗಲಕೋಟೆ ಕಡೆ ಬ್ರೆಡ್ಡು ಅಂದರೆ ಜ್ವರ ಬಂದವರ ಊಟ. ದವಾಖಾನೆಗೆ ಯಾರನ್ನಾದರೂ ನೋಡಲು ಹೊರಟರೆ ಕೈಯಲ್ಲಿ ಒಂದು ಬ್ರೆಡ್ಡಿನ ಪೊಟ್ಟಣ, ಜೊತೆಗೆ ನಾಲ್ಕು ಮೋಸಂಬಿ. ಗಟ್ಟಿಮುಟ್ಟಾಗಿದ್ದವರಿಗೆ ರೊಟ್ಟಿ, ಹಾಸಿಗೆ ಹಿಡಿದವರಿಗೆ ಬ್ರೆಡ್ಡು ಎಂಬ ಲೆಕ್ಕ ಇಲ್ಲಿ ಎಷ್ಟು ಗಟ್ಟಿಯೆಂದರೆ, ಅಡುಗೆಮನೆಯ ಕಟ್ಟೆಯ ಮೇಲೆ ಬ್ರೆಡ್ಡು ಕಂಡ ಕೂಡಲೇ ಬಂದವರು ಕೇಳುವುದು, "ಯಾರಿಗೆ ಆರಾಮಿಲ್ರೀ?"

ಇವತ್ತಿನ ಮಾತು ಆರಾಮಿದ್ದವರ ಬ್ರೆಡ್ಡಿನದು. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಜೀರಿಗೆ, ಕೊತ್ತಂಬರಿ ಹಾಕಿ ಮನೆಯಲ್ಲೇ ಸುಡುವ ಖಾರಾ ಬ್ರೆಡ್ಡು. ಇದಕ್ಕೆ ಯೀಸ್ಟು ಬೇಡ, ರಾತ್ರಿಯೆಲ್ಲ ಹುದುಗಿಡುವುದು ಬೇಡ, ತತ್ತಿ ಬೇಡ. ಹುಳಿ ಮೊಸರು ಮತ್ತು ಅಡುಗೆ ಸೋಡಾ ಸೇರಿ ಹಿಟ್ಟನ್ನು ಎಬ್ಬಿಸುತ್ತವೆ. ಕಲಸುವುದು ಐದು ನಿಮಿಷದ ಕೆಲಸ, ಬೇಯುವುದು ಮುಕ್ಕಾಲು ತಾಸು. ನಮ್ಮೂರಿನ ವಿದ್ಯಾಗಿರಿಯ ಯಾವ ಕಿರಾಣಿ ಅಂಗಡಿಗೆ ಹೋದರೂ ಬೇಕಾದ ಸಾಮಾನು ಸಿಗುತ್ತದೆ. ಹೆಚ್ಚಿನದು ಈಗಾಗಲೇ ನಿಮ್ಮ ಮನೆಯಲ್ಲೇ ಇದೆ.

ಖಾರಾ ಬ್ರೆಡ್ಡು, ಖಾರಾ ಬನ್ನು ನಮಗೆ ಹೊಸದಲ್ಲ. ಅಯ್ಯಂಗಾರ್ ಬೇಕರಿ ಎಂಬ ಬೋರ್ಡು ಇಲ್ಲದ ಊರು ಕರ್ನಾಟಕದಲ್ಲಿ ಅಪರೂಪ. ಹಾಸನ ಜಿಲ್ಲೆಯ ಕಡೆಯಿಂದ ಹೋದ ಅಯ್ಯಂಗಾರರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದರು, ಮುಂದೆ ಅವರ ಬಳಗ, ಅವರ ಕಡೆಯವರು ಊರೂರಿಗೆ ಹಬ್ಬಿದರು. ತತ್ತಿ ಮುಟ್ಟದವರ ಕೈಯಲ್ಲಿ ಬೇಕರಿ ಬೆಳೆದದ್ದರಿಂದ ನಮ್ಮ ಬ್ರೆಡ್ಡಿಗೆ ಉಳ್ಳಾಗಡ್ಡಿ, ಕರಿಬೇವು, ಮೆಣಸಿನಕಾಯಿಯ ರುಚಿ ಹತ್ತಿತು. ಆದರೆ ಆ ಬನ್ನು ಯೀಸ್ಟಿನದು. ಅದಕ್ಕೆ ಚೆನ್ನಾಗಿ ನಾದಿದ ಮೈದಾ ಬೇಕು, ಎರಡು ಸಲ ಉಬ್ಬಲು ತಾಸುಗಟ್ಟಲೆ ಹೊತ್ತು ಬೇಕು, ಕಾದ ದೊಡ್ಡ ಭಟ್ಟಿ ಬೇಕು. ಅದನ್ನು ಬೇಕರಿಯವರಿಗೇ ಬಿಡೋಣ. ಅವರು ನಮಗಿಂತ ಚೆನ್ನಾಗಿ ಮಾಡುತ್ತಾರೆ.

ಸೋಡಾ ಬ್ರೆಡ್ಡು ಬೇರೆ ಮನೆತನದ್ದು. ಅದರ ತವರು ಎಂದು ಹೆಸರಾದದ್ದು ಐರ್ಲೆಂಡ್. ಅಲ್ಲಿಯ ತೇವದ ಹವೆಗೆ ಬೆಳೆಯುವ ಗೋಧಿ ಮೆತ್ತನೆಯದು, ಅದರಲ್ಲಿ ಅಂಟು ಕಡಿಮೆ, ಯೀಸ್ಟಿನ ಬ್ರೆಡ್ಡಿಗೆ ಒದಗುವುದಿಲ್ಲ. 1830ರ ದಶಕದಲ್ಲಿ ಅಡುಗೆ ಸೋಡಾ ಅಗ್ಗವಾಗಿ ಸಿಗತೊಡಗಿದಾಗ ಅಲ್ಲಿಯ ಬಡ ರೈತರ ಮನೆಗಳಲ್ಲಿ ಬೆಣ್ಣೆ ಕಡೆದ ಮಜ್ಜಿಗೆ ಇದ್ದೇ ಇತ್ತು. ಹಿಟ್ಟು, ಉಪ್ಪು, ಸೋಡಾ, ಮಜ್ಜಿಗೆ, ನಾಲ್ಕೇ ಸಾಮಾನು. ಭಟ್ಟಿ ಅವರಿಗೂ ಇರಲಿಲ್ಲ. ದಪ್ಪ ಕಬ್ಬಿಣದ ಪಾತ್ರೆಯಲ್ಲಿ ಹಿಟ್ಟಿಟ್ಟು, ಮುಚ್ಚಳ ಹಾಕಿ, ಮುಚ್ಚಳದ ಮೇಲೂ ಕೆಂಡ ಹರವಿ ಬೇಯಿಸುತ್ತಿದ್ದರು. ಮಜ್ಜಿಗೆ, ಕೆಂಡ, ದಪ್ಪ ಪಾತ್ರೆ, ಬ್ರೆಡ್ಡಿಗೆ ಒಗ್ಗದ ಹಿಟ್ಟು. ಇವು ನಾಲ್ಕೂ ನಮ್ಮ ಜೋಳದ ಸೀಮೆಯಲ್ಲಿ ಇದ್ದವು. ನಮ್ಮವರು ಮಾತ್ರ ರೊಟ್ಟಿ ಬಡಿಯುತ್ತ ಕೂತರು, ಬಡಿದದ್ದನ್ನು ಎಷ್ಟು ಚೆನ್ನಾಗಿ ಬಡಿದರೆಂದರೆ ಬೇರೆ ದಾರಿ ಹುಡುಕುವ ಜರೂರೇ ಬೀಳಲಿಲ್ಲ.

ಸೋಡಾಕ್ಕಿಂತ ಮುಂಚೆ ಕೆಲವರು ಬೂದಿಯನ್ನೂ ನೆಚ್ಚಿದ್ದರು. ಅಮೆರಿಕದ ಅಮೇಲಿಯಾ ಸಿಮನ್ಸ್ ಎಂಬಾಕೆ 1796ರಲ್ಲಿ ಅಚ್ಚು ಹಾಕಿಸಿದ ಅಡುಗೆ ಪುಸ್ತಕದಲ್ಲಿ ಕಟ್ಟಿಗೆಯ ಬೂದಿಯಿಂದ ತೆಗೆದ ಕ್ಷಾರ ಹಾಕಿ ಹಿಟ್ಟು ಎಬ್ಬಿಸುವ ಕ್ರಮ ಇದೆ. ಹಪ್ಪಳಖಾರ ಹಾಕಿ ಹಪ್ಪಳ ಮಾಡುವ ನಮಗೆ ಇದು ವಿಚಿತ್ರ ಅನ್ನಿಸಬೇಕಿಲ್ಲ. ಆಮೇಲೆ 1843ರಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿ ಬೇಕಿಂಗ್ ಪೌಡರ್ ಮಾಡಿದ. ಅವನ ಹೆಂಡತಿಗೆ ಯೀಸ್ಟೂ ಆಗಿಬರುತ್ತಿರಲಿಲ್ಲ, ತತ್ತಿಯೂ ಆಗಿಬರುತ್ತಿರಲಿಲ್ಲ. ಮನೆಯಾಕೆಯ ಹೊಟ್ಟೆಯ ಸಲುವಾಗಿ ಗಂಡ ಇಷ್ಟು ತಲೆ ಕೆಡಿಸಿಕೊಂಡದ್ದಕ್ಕೆ ಚರಿತ್ರೆಯಲ್ಲಿ ಉದಾಹರಣೆಗಳು ಕಡಿಮೆ. ಅದಕ್ಕೇ ಹೆಸರು ಹೇಳಿದೆ.

ಈಗ ಸೋಡಾದ ಕೆಲಸ ನೋಡೋಣ. ಸೋಡಾ ಒಂದು ಕ್ಷಾರ, ಮೊಸರಿನ ಹುಳಿ ಒಂದು ಆಮ್ಲ. ಇವೆರಡೂ ಹಸಿಯಾಗಿ ಕೂಡಿದ ಗಳಿಗೆಯಲ್ಲೇ ಇಂಗಾಲದ ಡೈಆಕ್ಸೈಡ್ ಅನಿಲ ಹೊರಡುತ್ತದೆ. ಆ ಗುಳ್ಳೆಗಳೇ ಬ್ರೆಡ್ಡಿನ ಒಳಗಿನ ತೂತುಗಳು. ಯೀಸ್ಟು ಇದೇ ಅನಿಲವನ್ನು ತಾಸುಗಟ್ಟಲೆ ನಿಧಾನಕ್ಕೆ ಬಿಡುತ್ತದೆ. ಸೋಡಾ ಒಂದೇ ದಮ್ಮಿಗೆ ಬಿಡುತ್ತದೆ. ಹಾಗಾಗಿ ಕಲಸಿ ಇಟ್ಟು ಧಾರಾವಾಹಿ ನೋಡಲು ಕೂತರೆ ಅನಿಲವೆಲ್ಲ ಹೊರಗೆ ಹೋಗಿ, ಬೇಯುವ ಹೊತ್ತಿಗೆ ಹಿಟ್ಟು ಕುಗ್ಗಿರುತ್ತದೆ. ಪಾತ್ರೆ ಮೊದಲು ಕಾಯಬೇಕು, ಹಿಟ್ಟು ಆಮೇಲೆ ಕಲಸಬೇಕು.

ಸೋಡಾ ಹೆಚ್ಚಾದರೆ? ಹೆಚ್ಚು ಉಬ್ಬುತ್ತದೆ ಎಂದು ತಿಳಿದವರೇ ಬಹಳ. ಹುಳಿಗೆ ತಕ್ಕಷ್ಟು ಸೋಡಾ ಮಾತ್ರ ಆಮ್ಲದೊಂದಿಗೆ ಕೂಡಿ ತೀರುತ್ತದೆ. ಮಿಕ್ಕದ್ದು ಕಾವಿಗೆ ಬಟ್ಟೆ ಒಗೆಯುವ ಸೋಡಾದ ಜಾತಿಗೆ ತಿರುಗಿ, ಬಾಯಿಗೆ ಸಾಬೂನಿನ ರುಚಿ ಕೊಡುತ್ತದೆ. ಇದನ್ನು ಕಣ್ಣಿಂದಲೇ ಹಿಡಿಯಲು ನಮ್ಮ ಮನೆಗಳಲ್ಲಿ ಒಂದು ಸಾಧನ ಇದೆ, ಅರಿಸಿನ. ಅರಿಸಿನಕ್ಕೆ ಸುಣ್ಣ ಬಿದ್ದರೆ ನೀರು ಕೆಂಪಾಗುತ್ತದೆ. ಆರತಿಯ ಕೆಂಪು ನೀರು ಮಾಡುವುದೇ ಹಾಗೆ. ಸೋಡಾದ ಕ್ಷಾರಕ್ಕೂ ಅರಿಸಿನ ಹಾಗೇ ಬಣ್ಣ ತಿರುಗುತ್ತದೆ. ಹಿಟ್ಟಿಗೆ ಚಿಟಿಕೆ ಅರಿಸಿನ ಹಾಕಿದ್ದರೆ, ಬ್ರೆಡ್ಡು ಕೊಯ್ದಾಗ ಒಳಗೆ ಹಳದಿ ಇದ್ದರೆ ಹದ ಸರಿ, ಅಲ್ಲಲ್ಲಿ ಕೆಂಪು ಕಲೆ ಕಂಡರೆ ಸೋಡಾ ಜಾಸ್ತಿಯಾಗಿದೆ ಇಲ್ಲವೆ ಸರಿಯಾಗಿ ಬೆರೆತಿಲ್ಲ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಲಿಟ್ಮಸ್ ಕಾಗದ ಮಾಡುವ ಕೆಲಸವನ್ನು ಒಗ್ಗರಣೆ ಡಬ್ಬಿ ಮಾಡುತ್ತದೆ. ಕೆಲವರು ಸೋಡಾ ಬದಲು ಇನೋ ಸುರಿಯುತ್ತಾರೆ. ಅದರಲ್ಲಿ ಸೋಡಾದ ಜೊತೆ ಹುಳಿಯೂ ಸೇರಿಯೇ ಇರುತ್ತದೆ, ಹುಳಿ ಮೊಸರಿಗೆ ಕೂಡಿಸುವ ಲೆಕ್ಕ ತಪ್ಪುತ್ತದೆ. ಈ ಬ್ರೆಡ್ಡಿಗೆ ಸಾದಾ ಸೋಡಾನೇ ಇರಲಿ.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಈ ಬ್ರೆಡ್ಡಿನಲ್ಲಿ ಕಷ್ಟವಾಗುವುದು ಒಂದೇ, ಕೈ ಕಟ್ಟಿಕೊಂಡು ನಿಲ್ಲುವುದು. ರೊಟ್ಟಿ ಕಲಿಯುವಾಗ ನಮಗೆ ಹೇಳಿಕೊಟ್ಟದ್ದು ಏನು? ಅಂಗೈಯ ಬುಡ ಊರಿ ನಾದು, ಬಿರುಕು ಹೋಗುವ ತನಕ ನಾದು, ಕೊಣಮಿಗೆಯಲ್ಲಿ ತಿರುಗಿಸಿ ತಿರುಗಿಸಿ ಬಡಿ. ಕಡಿಮೆ ನಾದಿದರೆ ಅಂಚು ಸೀಳಿತು, ಅತ್ತೆಯ ಮುಖ ಬಿಗಿಯಿತು. ಆ ಕೈ ಹಿಟ್ಟು ಕಂಡರೆ ಸುಮ್ಮನಿರುವುದಿಲ್ಲ. ಸೋಡಾ ಬ್ರೆಡ್ಡು ಕೇಳುವುದು ಇದರ ಉಲ್ಟಾ. ಒಣಹಿಟ್ಟು ಕಾಣದಂತಾದ ಕೂಡಲೇ ಕೈ ತೆಗೆಯಬೇಕು. ಗಂಟುಗಂಟಾಗಿ, ಒರಟಾಗಿ ಕಂಡರೂ ಬಿಡಬೇಕು.

ಯಾಕೆ ಹೀಗೆ? ಗೋಧಿಯಲ್ಲಿರುವ ಎರಡು ಪ್ರೋಟೀನುಗಳು ನೀರು ಕಂಡು, ಕೈಯ ಒತ್ತು ತಿಂದು, ಗ್ಲುಟೆನ್ ಎಂಬ ಜಾಳಿಗೆ ಆಗುತ್ತವೆ. ಎಷ್ಟು ನಾದಿದರೆ ಅಷ್ಟು ಬಿಗಿ. ಯೀಸ್ಟಿನ ಬ್ರೆಡ್ಡಿಗೆ ಆ ಬಿಗಿ ಬೇಕು, ತಾಸುಗಟ್ಟಲೆ ಅನಿಲ ಹಿಡಿದಿಡುವುದಕ್ಕೆ. ಸೋಡಾದ್ದು ನಿಮಿಷಗಳ ಆಟ. ಅಲ್ಲಿ ಬಿಗಿ ಜಾಸ್ತಿಯಾದರೆ ಗುಳ್ಳೆ ಹಿಗ್ಗಲಾರದೆ ಬ್ರೆಡ್ಡು ಕಲ್ಲಿನಂತಾಗುತ್ತದೆ. ಜೋಳದಲ್ಲಿ ಗ್ಲುಟೆನ್ ಇಲ್ಲವೇ ಇಲ್ಲ. ಹಾಗಾದರೆ ರೊಟ್ಟಿ ಹಿಟ್ಟು ನಾದಿದರೆ ಕೂಡುವುದು ಹೇಗೆ ಎಂದು ಕೇಳಬಹುದು. ಕೂಡಿಸುವುದು ಎಸರು. ಕುದಿಯುವ ನೀರು ಬಿದ್ದಾಗ ಜೋಳದ ಪಿಷ್ಟ ಅರ್ಧ ಬೆಂದು ಅಂಟಾಗುತ್ತದೆ, ನಾದುವಿಕೆ ಆ ಅಂಟನ್ನು ಹಿಟ್ಟಿಗೆಲ್ಲ ಹಂಚುತ್ತದೆ. ಎಸರಿಲ್ಲದೆ ತಣ್ಣೀರಲ್ಲಿ ಕಲಸಿದ ಜೋಳದ ಹಿಟ್ಟು ಎಷ್ಟು ನಾದಿದರೂ ಪುಡಿಪುಡಿ.

ಈ ಎಸರಿನ ಜಾಣತನವನ್ನೇ ಬ್ರೆಡ್ಡಿಗೆ ತಂದರೆ ನಮ್ಮ ನೆಲದ ಬ್ರೆಡ್ಡು ಆಗುತ್ತದೆ ಎಂಬುದು ನನ್ನ ವಾದ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಜೋಳದ ಬಿಸ್ಕತ್ತು, ಜೋಳದ ಕೇಕು ಎಲ್ಲ ಕಡೆ ಬಂದವು. ಬಹಳಷ್ಟು ಬಾಯಲ್ಲಿ ಮರಳಿನ ಹಾಗೆ ಉದುರುತ್ತವೆ, ಅದನ್ನು ಮರೆಸಲು ಸಕ್ಕರೆ ಸುರಿದಿರುತ್ತಾರೆ. ಜೋಳವನ್ನು ಮೈದಾದಂತೆ ನಡೆಸಿಕೊಂಡರೆ ಅದು ಹಾಗೇ ಉದುರುತ್ತದೆ. ಜೋಳಕ್ಕೆ ಎಸರು ಬೇಕು. ಇದನ್ನು ಬೇಕರಿ ಕೋರ್ಸಿನವರಿಗಿಂತ ಹುನಗುಂದ, ಬಾದಾಮಿ ಕಡೆಯ ಯಾವ ಮುದುಕಿಯೂ ಚೆನ್ನಾಗಿ ಬಲ್ಲಳು. ಇನ್ನೊಂದು, ಹಿಟ್ಟು ಹೊಸದಾಗಿರಬೇಕು. ಹಿಂಗಾರಿನ ಬಿಳಿಜೋಳ, ಮಾಲ್ದಂಡಿ ಸಿಕ್ಕರೆ ಒಳ್ಳೆಯದು, ಗಿರಣಿಗೆ ಹಾಕಿಸಿ ವಾರದೊಳಗೆ ಬಳಸಿ. ಹಳೆಯ ಹಿಟ್ಟಿಗೆ ಜಿಗಿ ಇರುವುದಿಲ್ಲ, ಕಹಿಯೂ ಹತ್ತುತ್ತದೆ.

ಪೂರಾ ಜೋಳದ್ದೇ ಬ್ರೆಡ್ಡು ಮಾಡುತ್ತೇನೆಂದು ಹಟ ಬೇಡ. ಎಸರು ಕೂಡಿಸುತ್ತದೆ, ಆದರೆ ಅನಿಲ ಹಿಡಿಯಲು ಸ್ವಲ್ಪ ಗೋಧಿ ಬೇಕೇ ಬೇಕು. ಜೋಳ ಎರಡು ಪಾಲು, ಗೋಧಿ ಮೂರು ಪಾಲು ಹದವಾಗಿ ಬರುತ್ತದೆ. ಕಾಗದ ಪೆನ್ನು ಹತ್ತಿರ ಇದ್ದವರು ಬರೆದುಕೊಳ್ಳಿ, ನಿಧಾನವಾಗಿ ಹೇಳುತ್ತೇನೆ.

ಮೊದಲು 100 ಗ್ರಾಂ ಜೋಳದ ಹಿಟ್ಟಿಗೆ 100 ಮಿಲಿ ಕುದಿಯುವ ಎಸರು ಸುರಿದು, ಸೌಟಿನಿಂದ ಕೂಡಿಸಿ, ಮುಚ್ಚಿಡಿ. ಅದು ಪೂರ್ತಿ ಆರಬೇಕು. ಬಿಸಿ ಇದ್ದರೆ ಮೊಸರು ಒಡೆಯುತ್ತದೆ, ಸೋಡಾ ಬೋಗುಣಿಯಲ್ಲೇ ಕೆಲಸ ಮುಗಿಸಿಬಿಡುತ್ತದೆ. ಅದು ಆರುವಷ್ಟರಲ್ಲಿ ಒಂದು ದೊಡ್ಡ ಉಳ್ಳಾಗಡ್ಡಿ ಸಣ್ಣಗೆ ಹೆಚ್ಚಿ, ಒಂದು ಚಮಚ ಎಣ್ಣೆಯಲ್ಲಿ ನೀರಾರುವ ತನಕ ಹುರಿದುಕೊಳ್ಳಿ. ಹಸಿ ಉಳ್ಳಾಗಡ್ಡಿ ಹಾಕಿದರೆ ಅದರ ನೀರು ಬಿಟ್ಟು ನಡುವೆ ಹಿಟ್ಟು ಹಸಿಯಾಗಿ ಉಳಿಯುತ್ತದೆ. ಮೂರು ನಾಲ್ಕು ಹಸಿಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ, ನಾಲ್ಕೆಸಳು ಬಳ್ಳೊಳ್ಳಿ ಹೆಚ್ಚಿ. ಮೆಂತ್ಯದ ಪಲ್ಲೆ ಸಿಗುವ ಚಳಿಗಾಲದಲ್ಲಿ ಕೊತ್ತಂಬರಿಯ ಬದಲು ಅದೇ ಇರಲಿ.

ಬೇರೊಂದು ಬೋಗುಣಿಯಲ್ಲಿ 150 ಗ್ರಾಂ ಗೋಧಿ ಹಿಟ್ಟು, ಅರ್ಧ ಚಮಚ ಸೋಡಾ, ಮುಕ್ಕಾಲು ಚಮಚ ಉಪ್ಪು, ಒಂದು ಚಮಚ ಜೀರಿಗೆ, ಚಿಟಿಕೆ ಅರಿಸಿನ ಹಾಕಿ, ಒಣಗಿದ್ದಾಗಲೇ ಎರಡು ಸಲ ಜರಡಿ ಹಿಡಿಯಿರಿ. ಚಮಚ ಅಂದರೆ ಚಹಾದ ಚಮಚ, ತಲೆ ಸವರಿದ್ದು, ಗೋಪುರ ಎದ್ದದ್ದಲ್ಲ. ಆರಿದ ಜೋಳದ ಹಿಟ್ಟಿಗೆ 180 ಮಿಲಿ ಹುಳಿ ಮೊಸರು, ಮೂರು ದೊಡ್ಡ ಚಮಚ ಎಣ್ಣೆ ಹಾಕಿ ಗಂಟಿಲ್ಲದಂತೆ ಕಲಸಿ. ಇಲ್ಲಿ ಬೇಕಾದಷ್ಟು ಕಲಸಬಹುದು, ಗೋಧಿ ಇನ್ನೂ ಬಿದ್ದಿಲ್ಲ. ಎಣ್ಣೆ ಕುಸುಬಿಯದಾದರೆ ಸರಿ, ಶೇಂಗಾದ್ದಾದರೂ ಸರಿ. ಮೊಸರು ಅಷ್ಟು ಹುಳಿ ಇಲ್ಲದಿದ್ದರೆ ಒಂದು ದೊಡ್ಡ ಚಮಚ ಲಿಂಬೆರಸ ಕೂಡಿಸಿ. ನಮ್ಮ ಏಪ್ರಿಲ್ ಮೇ ತಿಂಗಳಲ್ಲಿ ಆ ಮಾತೇ ಬರುವುದಿಲ್ಲ, ಬೆಳಿಗ್ಗೆ ಹೆಪ್ಪಾದ ಮೊಸರು ಸಂಜೆಗೆ ಹಲ್ಲು ಚುಳ್ ಅನ್ನಿಸುತ್ತದೆ. ಕೊನೆಗೆ ಗೋಧಿ ಹಿಟ್ಟನ್ನು, ಉಳ್ಳಾಗಡ್ಡಿ ಮೆಣಸಿನಕಾಯಿಯನ್ನು ಇದಕ್ಕೆ ಸುರಿದು, ಕಟ್ಟಿಗೆಯ ಚಮಚದಿಂದ ಹತ್ತು ಹನ್ನೆರಡು ಸಲ ಕೆಳಗಿನಿಂದ ಮೇಲಕ್ಕೆ ಮಗುಚಿ. ವಡೆ ಹಿಟ್ಟಿಗಿಂತ ತುಸು ಸಡಿಲ ಇರಬೇಕು. ಬಿರುಸಾದರೆ ಎರಡು ಚಮಚ ನೀರು. ಸಾಕು, ಕೈ ತೆಗೆಯಿರಿ.

ಎಣ್ಣೆ ಸವರಿ ಹಿಟ್ಟು ಉದುರಿಸಿದ ಡಬ್ಬಿಗೆ ಹಾಕಿ, ಮೇಲೆ ಎಳ್ಳು ಚೆಲ್ಲಿ, ಎಣ್ಣೆ ಹಚ್ಚಿದ ಚಾಕುವಿನಿಂದ ಉದ್ದಕ್ಕೊಂದು ಗೀರು ಎಳೆಯಿರಿ. ಐರ್ಲೆಂಡಿನವರು ಶಿಲುಬೆಯ ಆಕಾರದಲ್ಲಿ ಎರಡು ಗೀರು ಹಾಕುತ್ತಾರೆ. ಅದರ ಬಗ್ಗೆ ಅಲ್ಲಿ ನೂರು ಕಥೆ ಇವೆ. ಅಡುಗೆಯ ಕಾರಣ ಒಂದೇ, ಕಾವು ನಡುವಿನ ತನಕ ಇಳಿಯುತ್ತದೆ, ಬ್ರೆಡ್ಡು ಕಂಡಕಂಡಲ್ಲಿ ಬಿರಿಯುವುದು ತಪ್ಪುತ್ತದೆ.

ಒವನ್ ಇದ್ದವರು 190 ಡಿಗ್ರಿಗೆ ಮೊದಲೇ ಕಾಯಿಸಿಟ್ಟು, 40 ನಿಮಿಷ ಬೇಯಿಸಿ. ಇಲ್ಲದವರೇ ಹೆಚ್ಚು, ಅವರಿಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹಳೆ ಬಾಗಲಕೋಟೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಕಟ್ಟಿಗೆ ಒಲೆ, ಪಕ್ಕದಲ್ಲಿ ಕೋಡೊಲೆ ಇರುತ್ತಿತ್ತು. ಹಂಚಿನ ಮೇಲೆ ಬೆಂದ ರೊಟ್ಟಿಯನ್ನು ಒಲೆಯ ಬಾಯಿಯ ಕೆಂಡಕ್ಕೆ ಒರಗಿಸಿದರೆ ಅದು ಪುಗ್ಗೆಯಾಗಿ ಉಬ್ಬುತ್ತಿತ್ತು. ಆಲಮಟ್ಟಿ ಜಲಾಶಯದ ಹಿನ್ನೀರು ಏರಿದ ಮೇಲೆ ತಗ್ಗಿನ ಓಣಿಗಳು ಮುಳುಗಡೆಯಾಗಿ, ಸಾವಿರಾರು ಕುಟುಂಬಗಳು ನವನಗರದ ಸೆಕ್ಟರುಗಳಿಗೆ ಬಂದವು. ಹೊಸ ಮನೆಯ ಕಟ್ಟೆಗಳ ಮೇಲೆ ಗ್ಯಾಸು ಬಂತು. ಹೊಗೆ ತಪ್ಪಿತು, ಕಣ್ಣು ಉಳಿದವು, ಅದರ ಬಗ್ಗೆ ನನಗೆ ಹಳಹಳಿ ಇಲ್ಲ. ಆದರೆ ಗ್ಯಾಸಿನ ಉರಿ ಕೆಳಗಿನಿಂದ ಮಾತ್ರ; ಬ್ರೆಡ್ಡಿಗೆ ಬೇಕಾದದ್ದು ಸುತ್ತಲಿನ ಒಣ ಕಾವು. ಅದನ್ನು ನಾವೇ ಕಟ್ಟಿಕೊಳ್ಳಬೇಕು.

ದಪ್ಪ ತಳದ ಹಳೆಯ ಪಾತ್ರೆಯೊಂದನ್ನು ಇದಕ್ಕೇ ತೆಗೆದಿಡಿ. ತಳದಲ್ಲಿ ಒಂದು ಬೆರಳು ದಪ್ಪ ಉಪ್ಪು ಹರವಿ, ಮೇಲೆ ಸಣ್ಣ ಸ್ಟ್ಯಾಂಡು ಇಟ್ಟು, ಬಿಗಿಯಾದ ಮುಚ್ಚಳ ಹಾಕಿ, ನಡು ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ಡಬ್ಬಿ ಒಳಗಿಟ್ಟ ಮೇಲೆ ಉರಿ ತಗ್ಗಿಸಿ, 50 ನಿಮಿಷ. ಮೊದಲ ಅರ್ಧ ತಾಸು ಮುಚ್ಚಳ ತೆಗೆಯಲೇಬೇಡಿ. ಕುಕ್ಕರೇ ಬಳಸುವವರು ಗ್ಯಾಸ್ಕೆಟ್ಟನ್ನೂ ಸೀಟಿಯನ್ನೂ ಮರೆಯದೆ ತೆಗೆದಿಡಿ. ನೀರಿಲ್ಲದ ಕುಕ್ಕರನ್ನು ಗ್ಯಾಸ್ಕೆಟ್ ಸಮೇತ ಒಲೆಗೇರಿಸುವುದು ಅಪಾಯ. ಆ ಉಪ್ಪು ಅಡುಗೆಗೆ ಬಾರದು, ಡಬ್ಬಿಯಲ್ಲಿಟ್ಟರೆ ಮುಂದಿನ ಸಲವೂ ಅದೇ ಆಗುತ್ತದೆ. ಪಾತ್ರೆಯಲ್ಲಿ ಬೆಂದ ಬ್ರೆಡ್ಡಿನ ಮೇಲ್ಮೈ ಕೆಂಪಾಗುವುದಿಲ್ಲ, ಬೆಳ್ಳಗೆ ಇಡ್ಲಿಯಂತೆ ಕಾಣುತ್ತದೆ. ಗಾಬರಿ ಬೇಡ. ಡಬ್ಬಿಯಿಂದ ಬಿಡಿಸಿ, ಕಾದ ಹಂಚಿನ ಮೇಲೆ ಬೋರಲು ಹಾಕಿ ಎರಡು ನಿಮಿಷ ಬಿಟ್ಟರೆ ಕೆಂಪು ಬಣ್ಣವೂ ಬರುತ್ತದೆ, ಎಳ್ಳಿನ ವಾಸನೆಯೂ ಏಳುತ್ತದೆ.

ಬೆಂದಿದೆಯೋ ಎಂದು ತಿಳಿಯಲು ನಡುವೆ ಕಡ್ಡಿ ಚುಚ್ಚಿ ನೋಡಿ. ಹಿಟ್ಟು ಹತ್ತದೆ ಬರಬೇಕು. ಬೋರಲು ಹಾಕಿ ತಳಕ್ಕೆ ಬೆರಳಿನಿಂದ ತಟ್ಟಿದರೆ ಪೊಳ್ಳು ಸದ್ದು ಕೇಳಬೇಕು. ಬಿಸಿಯಿದ್ದಾಗ ಕೊಯ್ಯುವ ಆಸೆ ಎಲ್ಲರಿಗೂ ಇರುತ್ತದೆ, ಮಕ್ಕಳಿಗಂತೂ ತಡೆಯಲಾಗದು. ಅರ್ಧ ತಾಸಾದರೂ ಜಾಲರಿಯ ಮೇಲೆ ಆರಲಿ. ಒಳಗಿನ ಪಿಷ್ಟ ಆರುತ್ತಲೇ ಗಟ್ಟಿಯಾಗುವುದು; ಅವಸರ ಮಾಡಿದರೆ ಚಾಕುವಿಗೆ ಮೆತ್ತಿಕೊಂಡು, ಬೆಂದದ್ದೂ ಹಸಿಯೆಂದೇ ತೋರುತ್ತದೆ.

ನಮ್ಮ ಓಣಿಯಲ್ಲಿ ಇದರ ವಾಸನೆ ಹೊರಗೆ ಬಿದ್ದ ದಿನ ಪಕ್ಕದ ಮನೆಯವರು ಕಟ್ಟೆಗೆ ಬಂದು ನಿಂತರು. "ವೈನೀ, ಏನ್ರೀ ಅದು, ಕೇಕಿಗೆ ಉಳ್ಳಾಗಡ್ಡಿ ಹಾಕೀರೇನ?" ಎಂದರು. ಒಂದು ತುಂಡು ಕೊಟ್ಟೆ. ತಿಂದರು, ಸ್ವಲ್ಪ ಹೊತ್ತು ಸುಮ್ಮನಿದ್ದರು, ಆಮೇಲೆ ಮನೆಗೆ ಹೋಗಿ ಶೇಂಗಾ ಹಿಂಡಿಯ ಭರಣಿಯನ್ನೇ ಎತ್ತಿಕೊಂಡು ಬಂದರು. "ಹೀಂಗ ಒಣಾ ತಿಂದ್ರ ಗಂಟಲದಾಗ ಇಳೀತೇತೇನ್ರಿ, ಇದರ ಮ್ಯಾಲ ಬೆಣ್ಣಿ ಹಚ್ಚಿ ಹಿಂಡಿ ಉದುರಸ್ರಿ" ಎಂದು ಹೇಳಿಕೊಟ್ಟರು. ಅವರು ಹೇಳಿದ್ದೇ ಸರಿ. ಈ ಬ್ರೆಡ್ಡಿಗೆ ಜಾಮು, ಸಾಸು ಹೊಂದುವುದಿಲ್ಲ. ಬೆಣ್ಣೆ ಮತ್ತು ಶೇಂಗಾ ಹಿಂಡಿ, ಇಲ್ಲವೆ ಗುರೆಳ್ಳು ಹಿಂಡಿ ಮತ್ತು ಗಟ್ಟಿ ಮೊಸರು. ಉಳಿದ ತುಂಡನ್ನು ಮರುದಿನ ಹಂಚಿನ ಮೇಲೆ ಎಣ್ಣೆ ಬಿಟ್ಟು ಕೆಂಪಗೆ ಸುಟ್ಟು ಚಹಾದ ಜೊತೆ ತಿನ್ನಬಹುದು. ನನಗೆ ಮೊದಲ ದಿನದ್ದಕ್ಕಿಂತ ಅದೇ ಸೇರುತ್ತದೆ.

ಖಡಕ್ ರೊಟ್ಟಿಯಂತೆ ಇದನ್ನು ತಿಂಗಳುಗಟ್ಟಲೆ ಗಂಟು ಕಟ್ಟಿಡಲು ಆಗದು. ಆ ವಿಷಯದಲ್ಲಿ ರೊಟ್ಟಿಯನ್ನು ಮೀರಿಸುವ ಬ್ರೆಡ್ಡು ಜಗತ್ತಿನಲ್ಲಿ ಕಡಿಮೆ. ಇದರೊಳಗೆ ಉಳ್ಳಾಗಡ್ಡಿಯ ತೇವ ಇದೆ, ನಮ್ಮ ಬಿಸಿಲಿಗೆ ಒಂದೂವರೆ ದಿನಕ್ಕೆ ನೂಲು ಬರುತ್ತದೆ. ಅದಕ್ಕೇ ಅಳತೆ ಸಣ್ಣದು ಹೇಳಿದ್ದೇನೆ, ನಾಲ್ಕು ಜನ ಒಂದು ಹೊತ್ತಿಗೆ ಮುಗಿಸುವಷ್ಟು. ರಕ್ತದೊತ್ತಡ ಇದ್ದವರು ಒಂದು ಮಾತು ಗಮನದಲ್ಲಿಡಿ. ಉಪ್ಪಿನಲ್ಲಿ ಇರುವಂತೆ ಸೋಡಾದಲ್ಲಿಯೂ ಸೋಡಿಯಂ ಇದೆ, ಒಂದು ಚಹಾ ಚಮಚ ಸೋಡಾಕ್ಕೆ ಸುಮಾರು 1200 ಮಿಲಿಗ್ರಾಂ. ಅಂಥವರಿಗಾಗಿ ಮಾಡುವಾಗ ಉಪ್ಪು ಅರ್ಧಕ್ಕಿಳಿಸಿ, ಖಾರ ಬಳ್ಳೊಳ್ಳಿ ತುಸು ಏರಿಸಿ.

ವಿದ್ಯಾಗಿರಿಯಲ್ಲಿ ಕಾಲೇಜಿಗೆಂದು ಬಂದು ಬಾಡಿಗೆ ಖೋಲಿಗಳಲ್ಲಿ ಇರುವ ಹುಡುಗರು ಬಹಳ. ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು 1963ರಲ್ಲಿ ಶುರುವಾದಾಗಿನಿಂದ ಈ ಗುಡ್ಡದ ಮೇಲೆ ಖಾನಾವಳಿ ಊಟದ ಬಗ್ಗೆ ಗೊಣಗುವ ತಲೆಮಾರುಗಳು ಬಂದು ಹೋಗಿವೆ. ಅವರಿಗೆ ರೊಟ್ಟಿ ಬಡಿಯಲು ಬಾರದು, ಕಲಿಯಲು ವರ್ಷ ಬೇಕು. ಈ ಬ್ರೆಡ್ಡಿಗೆ ಕೈ ಪಳಗಿರಬೇಕಾಗಿಲ್ಲ, ಪಳಗದ ಕೈಯೇ ಒಳ್ಳೆಯದು. ಒಂದು ಗ್ಯಾಸ್ ಒಲೆ, ಒಂದು ಹಳೇ ಪಾತ್ರೆ ಇದ್ದರೆ ಆಯಿತು. ತಾಯಂದಿರು ಊರಿಂದ ಹಿಂಡಿಯನ್ನಂತೂ ಕಳಿಸಿಯೇ ಇರುತ್ತಾರೆ.

ಕಡೆಯದಾಗಿ, ನಾಳೆಯೇ ಮಾಡುವವರು ಮೊದಲು ಮನೆಯಲ್ಲಿರುವ ಸೋಡಾ ಪೊಟ್ಟಣವನ್ನು ಪರೀಕ್ಷಿಸಿ. ಒಂದು ಚಮಚ ಲಿಂಬೆರಸಕ್ಕೆ ಚಿಟಿಕೆ ಸೋಡಾ ಹಾಕಿ. ಬುಸ್ಸೆಂದು ಬುರುಗು ಎದ್ದರೆ ಹಿಟ್ಟು ಕಲಸಿ. ಏಳದಿದ್ದರೆ ಹೊಸ ಪೊಟ್ಟಣ ತನ್ನಿ, ಹತ್ತು ರೂಪಾಯಿಯ ಮುಖ ನೋಡಿ ಹಿಟ್ಟು ಮೊಸರು ಕೆಡಿಸಿಕೊಳ್ಳಬೇಡಿ.